ಈ ವಾರ ಮೆಟ್ಟಿಲು ಗುಡಿಸೋ ಸರದಿ ನಂದು

ಫೆಬ್ರವರೀಲಿ ಬೆಂಗಳೂರಿಗೆ ಬಂದಿದ್ದಾಗ ಚಿಕ್ಕಪ್ಪನ ಮಗನ ಮದ್ವೆ ಇತ್ತು. ಊಟದ ಪಂಕ್ತೀಲಿ ಚಿಕ್ಕಪ್ಪ ನನ್ನ ಎದುರಿಗೇ ಕೂತಿದ್ರು, ಚಿರೋಟಿಗೆ ಬಾದಾಮಿ ಹಾಲು ಹಾಕಿಸ್ಕೋತಾ ಇದ್ದೋರು ತಲೆ ಎತ್ತಿ ಕೇಳಿದ್ರು, "ಅಲ್ಲಮ್ಮಾ, ಆರು ವರ್ಷ ಆಯ್ತು ಜರ್ಮನಿಗೆ ಹೋಗಿ, ಅಲ್ಲಿ ಸುಖವೋ ಇಲ್ಲಿ ಸುಖವೋ, ಒಂದೇ ಮಾತಲ್ಲಿ ಹೇಳ್ಬಿಡು". ಬಾಯ್ತುಂಬಾ ಅನ್ನ ಇತ್ತು, ತಕ್ಷಣ ಏನೂ ತೋಚ್ಲಿಲ್ಲ, "ಅಲ್ಲಿ ನೀರು ಚೆನ್ನಾಗಿದೆ ಚಿಕ್ಕಪ್ಪ" ಅಂದ್ಬಿಟ್ಟೆ. ಇಡೀ ಸಾಲು ನಕ್ತು. ಮಜ್ಜಿಗೆ ಬಡಿಸೋ ಹುಡುಗನೂ ನಕ್ಕ.

ತಮಾಷೆಗೆ ಬಂದ ಮಾತೇ, ಆದ್ರೆ ಸುಳ್ಳಂತೂ ಅಲ್ಲ. ನಾವಿರೋದು ಸ್ಟುಟ್‌ಗಾರ್ಟಲ್ಲಿ. ಅಡುಗೆಮನೆ ನಲ್ಲಿ ತಿರುಗಿಸಿ ಹಂಗೇ ಲೋಟಕ್ಕೆ ಹಿಡಿದು ಕುಡೀತೀವಿ, ಫಿಲ್ಟರ್ ಇಲ್ಲ, ಕಾಯಿಸೋದಿಲ್ಲ, ಕ್ಯಾನ್ ಇಲ್ಲ. ಈ ಊರಿಗೆ ಬರೋ ನೀರಲ್ಲಿ ದೊಡ್ಡ ಪಾಲು ಬೋಡೆನ್‌ಸೇ ಅನ್ನೋ ಸರೋವರದ್ದು, ಅದು ಸ್ವಿಟ್ಜರ್ಲೆಂಡ್ ಗಡೀಲಿ ಎಲ್ಲೋ ಇದೆ, ಅಲ್ಲಿಂದ ನೀರನ್ನ ಮುನ್ನೂರು ಮೀಟರ್ ಚಿಲ್ಲರೆ ಗುಡ್ಡ ಹತ್ತಿಸಿ, ಶುದ್ಧ ಮಾಡಿ, ನೂರಾರು ಕಿಲೋಮೀಟರ್ ಪೈಪಲ್ಲಿ ಕಳಿಸ್ತಾರೆ. ಇದನ್ನ ಓದ್ದಾಗ ಮೊದ್ಲು ನಂಗೆ ಅನ್ಸಿದ್ದು, ಅಯ್ಯೋ ಇದನ್ನೇ ತಾನೆ ನಾವೂ ಮಾಡೋದು! ಬೆಂಗಳೂರಿಗೆ ಕಾವೇರಿ ಬರೋದು ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್, ಹಾರೋಹಳ್ಳಿ ತಾತಗುಣಿ ಅಂತ ಮೂರು ಹಂತದಲ್ಲಿ ಹೆಚ್ಚುಕಮ್ಮಿ 500 ಮೀಟರ್ ಎತ್ತರ ಹತ್ತಿಸಿ ತರ್ತಾರೆ, ಅಂದ್ರೆ ಇವ್ರಿಗಿಂತ ನಮ್ಮ ಎಂಜಿನಿಯರ್‌ಗಳದ್ದೇ ದೊಡ್ಡ ಸಾಹಸ. 2024ರ ಅಕ್ಟೋಬರಲ್ಲಿ ಐದನೇ ಹಂತವೂ ಶುರುವಾಯ್ತು, ದಿನಕ್ಕೆ 775 ದಶಲಕ್ಷ ಲೀಟರ್ ಜಾಸ್ತಿ. ಇಷ್ಟೆಲ್ಲಾ ಕಷ್ಟಪಟ್ಟು ಊರ ಬಾಗಿಲಿಗೆ ತಂದ್ಮೇಲೆ ಎಡವಟ್ಟು ಶುರುವಾಗೋದು. ನಮ್ಮನೆ ರಸ್ತೆಗೆ ದಿನ ಬಿಟ್ಟು ದಿನ ನೀರು, ಅದೂ ಬೆಳಗಿನ ಜಾವ. ಅಪ್ಪನಿಗೆ ಎಪ್ಪತ್ಮೂರು ವರ್ಷ, ಅಲಾರಂ ಬೇಡ, ಸಂಪಿಗೆ ನೀರು ಬೀಳೋ ಸದ್ದಿಗೇ ಎಚ್ಚರ ಆಗತ್ತೆ, ಟಾರ್ಚ್ ಹಿಡ್ಕೊಂಡು ಹೋಗಿ ಸಂಪಿನ ಮುಚ್ಚಳ ಎತ್ತಿ ನೋಡ್ತಾರೆ, ಆಮೇಲೆ ಮೋಟರ್ ಹಾಕ್ತಾರೆ, ಟ್ಯಾಂಕ್ ತುಂಬಿ ಮೇಲಿಂದ ಚೆಲ್ಲೋಕೆ ಶುರುವಾದ್ರೆ ಪಕ್ಕದ ಮನೆಯೋರು ಕೂಗ್ತಾರೆ. 2024ರ ಮಾರ್ಚಲ್ಲಿ ಬೋರ್‌ವೆಲ್‌ಗಳೆಲ್ಲ ಬತ್ತಿ, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗ ಅಮ್ಮ ಫೋನಲ್ಲಿ ನೀರು ಬಿಟ್ಟು ಬೇರೆ ಮಾತೇ ಆಡ್ತಿರ್ಲಿಲ್ಲ.

ಇಲ್ಲಿ ಆರು ವರ್ಷದಲ್ಲಿ ನೀರಿನ ಬಗ್ಗೆ ಒಂದು ಸಲಾನೂ ಯೋಚನೆ ಮಾಡಿಲ್ಲ. ಸುಖ ಅಂದ್ರೆ ಇದೇನಾ ಅಂತ ಒಂದೊಂದ್ಸಲ ಅನ್ಸತ್ತೆ, ಯಾವ್ಯಾವ್ದರ ಬಗ್ಗೆ ತಲೆ ಕೆಡಿಸ್ಕೊಳ್ದೇ ಬದುಕ್ಬೋದು ಅನ್ನೋದು.

ಸರಿ, ಜನ ಮೊದ್ಲು ಕೇಳೋದು ನೀರಲ್ಲ, ಸಂಬಳ. ಸಂಬಳ ಯೂರೋದಲ್ಲಿ ಅಂದ ಕೂಡ್ಲೇ ಎಲ್ರೂ ನೂರರಿಂದ ಗುಣಿಸಿ ಕಣ್ಣರಳಿಸ್ತಾರೆ. ಕಾಗದದ ಮೇಲಿರೋ ನೂರು ರೂಪಾಯಲ್ಲಿ ನನ್ನ ಕೈಗೆ ಬರೋದು ಅರವತ್ತರ ಹತ್ರ, ಅದನ್ನ ಯಾರೂ ಕೇಳಲ್ಲ. ಟ್ಯಾಕ್ಸ್, ಪೆನ್ಷನ್ನು, ಕೆಲಸ ಹೋದ್ರೆ ಅಂತ ಒಂದು ವಿಮೆ, ಮುದುಕರಾದಾಗ ನೋಡ್ಕೊಳ್ಳೋಕೆ ಅಂತ ಇನ್ನೊಂದು, ಆರೋಗ್ಯ ವಿಮೆಗೆ 14.6 ಪರ್ಸೆಂಟ್ ಮೇಲೆ ಒಂದಿಷ್ಟು (ಅರ್ಧ ಕಂಪನಿ ಕಟ್ಟತ್ತೆ). ಮೊದ್ಲ ತಿಂಗಳ ಸ್ಲಿಪ್ ನೋಡಿ ನಾನೂ ನನ್ ಗಂಡನೂ ಏನೋ ತಪ್ಪಾಗಿದೆ ಅಂತ ಎಚ್‌ಆರ್‌ಗೆ ಮೇಲ್ ಹಾಕಿದ್ವಿ. ಏನೂ ತಪ್ಪಿಲ್ಲ, ಹಿಂಗೇ ಅಂತ ಉತ್ತರ ಬಂತು.

ಆ ದುಡ್ಡು ಎಲ್ಲೋಗತ್ತೆ ಅಂತ ನಂಗೆ ಅರ್ಥ ಆಗಿದ್ದು ಮಗಳು ಎರಡು ವರ್ಷದವಳಿದ್ದಾಗ. ರಾತ್ರಿ ಉಸಿರಾಡೋಕೆ ಕಷ್ಟ ಆಗಿ ಪಕ್ಕೆ ಒಳಗೆ ಹೋಗ್ತಿತ್ತು, 112ಕ್ಕೆ ಫೋನ್ ಮಾಡಿದ್ವಿ, ಆಂಬುಲೆನ್ಸ್ ಬಂತು, ಮೂರು ರಾತ್ರಿ ಆಸ್ಪತ್ರೆ, ಅವಳ ಮಂಚದ ಪಕ್ಕ ನಂಗೂ ಒಂದು ಮಂಚ ಹಾಕ್ಕೊಟ್ರು. ಹೊರಡೋ ದಿನ ನಾನು ಬ್ಯಾಗಲ್ಲಿ ಕಾರ್ಡ್ ರೆಡಿ ಇಟ್ಕೊಂಡು ಬಿಲ್ ಕೌಂಟರ್ ಎಲ್ಲಿ ಅಂತ ನರ್ಸ್‌ನ ಕೇಳ್ದೆ. ಅವ್ಳಿಗೆ ಪ್ರಶ್ನೇನೇ ಅರ್ಥ ಆಗ್ಲಿಲ್ಲ. ಕೌಂಟರ್ರೇ ಇಲ್ಲ! ದೊಡ್ಡವರಾದ್ರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನದ ತನಕ ಮಾತ್ರ, ಮಕ್ಕಳಿಗೆ ಅದೂ ಇಲ್ಲ. ಮಗುಗೆ ಹುಷಾರಿಲ್ಲ ಅಂತ ಅಪ್ಪ ಅಮ್ಮ ಮನೇಲಿರೋಕೂ ಪ್ರತ್ಯೇಕ ರಜೆ ಇದೆ, 2024ರಿಂದ ಒಬ್ಬೊಬ್ಬರಿಗೆ ವರ್ಷಕ್ಕೆ 15 ದಿನ. ನಮ್ಮ ದೇಶದಲ್ಲಿ ಆರೋಗ್ಯಕ್ಕೆ ಆಗೋ ಖರ್ಚಲ್ಲಿ ಜನ ಜೇಬಿಂದ ಕೊಡೋದು 2013-14ರಲ್ಲಿ 64 ಪರ್ಸೆಂಟ್ ಇತ್ತು, 2021-22ಕ್ಕೆ 39ಕ್ಕೆ ಇಳಿದಿದೆ. ದೊಡ್ಡ ಇಳಿಕೇನೇ, ಆದ್ರೂ 39 ಅಂದ್ರೆ ಯಾರದ್ದೋ ಮಾಂಗಲ್ಯ ಸರ ಗಿರವಿ ಅಂಗಡೀಲಿ ಇದೆ ಅಂತಾನೇ ಅರ್ಥ.

ಹಂಗಂತ ಇಲ್ಲಿ ಡಾಕ್ಟರ್ ಸುಲಭಕ್ಕೆ ಸಿಗ್ತಾರೆ ಅನ್ಕೋಬೇಡಿ. ಚರ್ಮದ ಡಾಕ್ಟರ್‌ಗೆ ಫೋನ್ ಮಾಡ್ದೆ, ನಾಲ್ಕು ತಿಂಗಳಾದ್ಮೇಲಿನ ಡೇಟ್ ಕೊಟ್ರು, ಅಷ್ಟೊತ್ತಿಗೆ ಕಜ್ಜಿ ತಾನೇ ಬೇಜಾರಾಗಿ ಹೊರಟೋಗಿತ್ತು. ಬೆಂಗಳೂರಲ್ಲಿ ಅದೇ ಸಾಯಂಕಾಲ ಎಂಟೂವರೆಗೆ ಹೋಗಿ ತೋರಿಸ್ಕೊಂಡು ಬರ್ಬೋದು, ಬ್ಲಡ್ ಟೆಸ್ಟ್‌ಗೆ ಹುಡುಗ ಮನೆಗೇ ಬರ್ತಾನೆ. ದುಡ್ಡಿರ್ಬೇಕು ಅಷ್ಟೆ. ಈ "ದುಡ್ಡಿರ್ಬೇಕು ಅಷ್ಟೆ" ಅನ್ನೋದಕ್ಕೆ ಆಮೇಲೆ ಬರ್ತೀನಿ.

ಮನೆ ವಿಷ್ಯ ಬೇಗ ಮುಗಿಸ್ತೀನಿ, ನೆನೆಸ್ಕೊಂಡ್ರೆ ಈಗ್ಲೂ ತಲೆನೋವು. ಮೂರು ತಿಂಗಳು ಹುಡುಕಿದ್ವಿ, ಕೆಲಸಕ್ಕೆ ಅರ್ಜಿ ಹಾಕೋ ಥರ ಸಂಬಳದ ಸ್ಲಿಪ್, ಸಾಲದ ರಿಪೋರ್ಟು, ನಮ್ಮ ಬಗ್ಗೆ ಒಂದು ಪತ್ರ ಎಲ್ಲ ಸೇರಿಸಿ ಫೈಲ್ ಮಾಡಿ ಕೊಡ್ಬೇಕು, ಆಮೇಲೆ ಮಾಲೀಕರು ನಮ್ಮನ್ನ ಆರಿಸ್ಬೇಕು. ಆರಿಸಿದ್ಮೇಲೆ ಕೀ ತಗೊಂಡು ಬಾಗಿಲು ತೆಗೆದ್ರೆ ಅಡುಗೆಮನೇಲಿ ಅಡುಗೆಮನೇನೇ ಇಲ್ಲ, ಗೋಡೆಯಿಂದ ಎರಡು ಪೈಪ್ ಮುಖ ಹಾಕ್ಕೊಂಡು ನಿಂತಿವೆ, ಹಿಂದಿನೋರು ಕಟ್ಟೆ, ಸಿಂಕು, ಒಲೆ, ಕೊನೆಗೆ ಬಲ್ಬು ಕೂಡ ಬಿಚ್ಚಿಕೊಂಡು ಹೋಗಿದ್ರು, ಇಲ್ಲಿ ಇದೇ ಪದ್ಧತಿಯಂತೆ. ಒಂದು ತಿಂಗಳು ಎಲೆಕ್ಟ್ರಿಕ್ ಕುಕ್ಕರಲ್ಲಿ ಚಿತ್ರಾನ್ನ, ಬಾತ್‌ರೂಮ್ ಬೇಸಿನ್ನಲ್ಲಿ ಪಾತ್ರೆ. ಆದ್ರೆ ಡೆಪಾಸಿಟ್ ಮಾತ್ರ ಮೂರು ತಿಂಗಳ ಬಾಡಿಗೆ ಮೀರಂಗಿಲ್ಲ ಅಂತ ಕಾನೂನಿದೆ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇದ್ದ ನಮಗೆ ಅದೇ ಖುಷಿ. ವೆಜ್ಜಾ ನಾನ್‌ವೆಜ್ಜಾ ಅಂತ ಯಾರೂ ಕೇಳ್ಲಿಲ್ಲ. ರಾತ್ರಿ ಹತ್ತರ ಮೇಲೆ ಸದ್ದು ಮಾಡ್ತೀರಾ ಅಂತ ಕೇಳಿದ್ರು.

ಸದ್ದು ಅಂದಾಗ ಭಾನುವಾರ ನೆನಪಾಯ್ತು. ಭಾನುವಾರ ಅಂಗಡಿಗಳು ಬಂದ್, ರೈಲ್ವೆ ಸ್ಟೇಷನ್ನಲ್ಲಿ ಒಂದೆರಡು, ಬೆಳಿಗ್ಗೆ ಬೇಕರಿ, ಅಷ್ಟೆ. ಭಾನುವಾರ ವಿಶ್ರಾಂತಿಯ ದಿನ ಅಂತ 1919ರ ವೈಮಾರ್ ಸಂವಿಧಾನದಲ್ಲೇ ಬರೆದಿದ್ರು, ಈಗಿನ ಸಂವಿಧಾನ ಅದನ್ನ ಹಂಗೇ ಇಟ್ಕೊಂಡಿದೆ. ಡ್ರಿಲ್ ಹಾಕಂಗಿಲ್ಲ, ಖಾಲಿ ಬಾಟ್ಲಿ ತಗೊಂಡೋಗಿ ಗಾಜಿನ ಡಬ್ಬಕ್ಕೆ ಹಾಕೋದೂ ಬೇಡ, ಸದ್ದಾಗತ್ತೆ. ಮೊದಲ ವರ್ಷ ನಂಗೆ ಹುಚ್ಚೇ ಹಿಡಿಯೋದು, ಶನಿವಾರ ಕೊತ್ತಂಬರಿ ಮರೆತ್ರೆ ಸೋಮವಾರದ ತನಕ ಇಲ್ಲ. ಊರಲ್ಲಾದ್ರೆ ಒಲೆ ಮೇಲೆ ಸಾರು ಕುದೀತಿರುವಾಗ ಮೊಬೈಲ್ ಒತ್ತಿದ್ರೆ ಹತ್ತು ನಿಮಿಷಕ್ಕೆ ಕೊತ್ತಂಬರಿ ಬಾಗಿಲಲ್ಲಿ, ಅದನ್ನ ತರೋ ಹುಡುಗ ಹೆಲ್ಮೆಟ್ ಕೂಡ ತೆಗಿಯಲ್ಲ, ಮುಖಾನೂ ನೋಡಿರಲ್ಲ ನಾವು.

ಈಗ ಶೀರ್ಷಿಕೆಗೆ ಬರ್ತೀನಿ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅಂತ ಒಂದಿದೆ, ಗುಡಿಸೋ ವಾರ ಅಂತ ಅರ್ಥ. ಬಿಲ್ಡಿಂಗಲ್ಲಿ ಇರೋರೆಲ್ಲ ಸರದಿ ಮೇಲೆ ಮೆಟ್ಟಿಲು, ಓಣಿ, ನೆಲಮಾಳಿಗೆ, ಹೊರಗಿನ ಫುಟ್‌ಪಾತ್ ಎಲ್ಲ ಗುಡಿಸಿ ಒರೆಸ್ಬೇಕು, ಚಳಿಗಾಲದಲ್ಲಿ ಹಿಮಾನೂ ಕೆರೆದು ಹಾಕ್ಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಬೋರ್ಡ್ ನೇತಾಡ್ತಿರತ್ತೆ. 1492ರಲ್ಲೇ ಇಲ್ಲಿನ ದೊರೆ ಏಬರ್‌ಹಾರ್ಡ್, ಎಲ್ರೂ ವಾರವಾರ ಅವರವರ ಕಸ ಅವರೇ ಹೊರಗೆ ಸಾಗಿಸ್ಬೇಕು ಅಂತ ಆಜ್ಞೆ ಮಾಡಿದ್ನಂತೆ, ಅಲ್ಲಿ ಕೊಲಂಬಸ್ ಹಡಗು ಹತ್ತಿದ ವರ್ಷ ಇಲ್ಲಿ ಇವ್ರು ಪೊರಕೆ ಹಿಡಿದಿದ್ರು. 1988ರಲ್ಲಿ ನಗರಪಾಲಿಕೆ ಆ ನಿಯಮ ತೆಗೆದ್ಹಾಕ್ತು, ಆದ್ರೆ ಬಾಡಿಗೆ ಕರಾರಿಂದ ತೆಗೆಯೋರು ಯಾರು. ನಮ್ಮ ಬಿಲ್ಡಿಂಗಲ್ಲಿ ಮೇಲಿನ ಮನೇಲಿ ಒಬ್ರು ರಿಟೈರ್ ಆದ ಪ್ರೊಫೆಸರ್ ಇದ್ದಾರೆ, ಕೆಳಗೆ ಬಸ್ ಡ್ರೈವರ್ ಸಂಸಾರ. ಪ್ರೊಫೆಸರ್ ಮಂಡಿ ಊರಿ ಮೆಟ್ಟಿಲ ಸಂದಿ ಒರೆಸೋದನ್ನ ಮೊದಲ ಸಲ ನೋಡ್ದಾಗ ನಾನು ಓಡಿಹೋಗಿ "ಬಿಡಿ ಸಾರ್ ನಾನು ಮಾಡ್ತೀನಿ" ಅನ್ನೋಕೆ ಹೋಗಿದ್ದೆ. ಅವ್ರು ತಬ್ಬಿಬ್ಬಾದ್ರು, "ನಿಮ್ಮ ಸರದಿ ಮುಂದಿನ ವಾರ" ಅಂದ್ರು.

ನಾನು ಹುಟ್ಟಿದಾಗಿಂದ ಪೊರಕೆ ಹಿಡಿದಿದ್ದೇ ಕಮ್ಮಿ. ಬೆಂಗಳೂರ ಮನೇಲಿ ಒಬ್ರು ಅಕ್ಕ ಬರ್ತಾರೆ, ಹದಿನೆಂಟು ವರ್ಷದಿಂದ ಬರ್ತಿದ್ದಾರೆ, ಅಮ್ಮ ಹೇಳೋದು "ಅವಳು ನಮ್ಮನೆಯವಳ ಥರಾನೇ". ಗುಡಿಸಿ ಒರೆಸಿ ಪಾತ್ರೆ ತೊಳೆದು ದಿನಕ್ಕೆ ಎರಡು ಗಂಟೆ, ಮೊನ್ನೆಮೊನ್ನೆ ತನಕ ತಿಂಗಳಿಗೆ 3,500. ಭಾನುವಾರ ಬಿಟ್ಟು ಲೆಕ್ಕ ಹಾಕಿದ್ರೂ ಗಂಟೆಗೆ ಎಪ್ಪತ್ತು ರೂಪಾಯಿ ದಾಟ್ತಿರ್ಲಿಲ್ಲ. ಇಲ್ಲಿ ಕನಿಷ್ಠ ಕೂಲಿ ಗಂಟೆಗೆ 13 ಯೂರೋ 90 ಸೆಂಟು, 2026ರ ಜನವರಿಯಿಂದ. ನೀವೇ ನೂರರಿಂದ ಗುಣಿಸಿ. ಹಾಲು, ಅಕ್ಕಿ, ಆಲೂಗಡ್ಡೆ ಇಲ್ಲಿ ಬೆಂಗಳೂರಿಗಿಂತ ಒಂದೂವರೆ ಪಟ್ಟೋ ಎರಡು ಪಟ್ಟೋ ಇರ್ಬೋದು, ಆದ್ರೆ ಒಬ್ಬ ಮನುಷ್ಯನ ಒಂದು ಗಂಟೆ ಇಪ್ಪತ್ತು ಪಟ್ಟು. ನಂಗೆ ಬೆಂಗಳೂರಲ್ಲಿ ಸುಖ ಅಂತ ಏನೇನು ಇತ್ತೋ, ಇಸ್ತ್ರಿ ಬಟ್ಟೆ, ತೊಳೆದ ಕಾರು, ಹತ್ತು ನಿಮಿಷದ ಕೊತ್ತಂಬರಿ, ಗೇಟಲ್ಲಿ ರಾತ್ರಿಯೆಲ್ಲ ಕೂತಿರೋ ತಾತ, ಅದೆಲ್ಲ ಯಾರದ್ದೋ ಅಗ್ಗದ ಗಂಟೆಗಳು. ಚಿಕ್ಕಪ್ಪ ಪ್ರಶ್ನೆ ಕೇಳಿದ್ದು ನನ್ನನ್ನ. ಬಾಳೆಎಲೆ ಎತ್ತೋಕೆ ಬಂದಿದ್ದೋರನ್ನ ಕೇಳಿದ್ರೆ ಅವ್ರು ಯಾವ ದೇಶ ಅಂತಿದ್ರೋ.

ಇದು ತಲೆಗೆ ಹೊಕ್ಕಿದ್ದು ಹೀಟರ್ ಕೆಟ್ಟಾಗ. ಡಿಸೆಂಬರ್, ಹೊರಗೆ ಮೈನಸ್ಸು, ರಿಪೇರಿಯವ್ರು ಮೂರನೇ ದಿನ ಬರ್ತೀವಿ ಅಂದ್ರು, ಅದೇ ಪುಣ್ಯ. ಬೆಳಿಗ್ಗೆ ಏಳೂವರೆ ಅಂದ್ರೆ ಏಳೂವರೆಗೆ ಬೆಲ್ ಆಯ್ತು. ಐವತ್ತರ ಆಸುಪಾಸಿನ ಮನುಷ್ಯ, ಶೂಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಒಳಗೆ ಬಂದ, ನಲವತ್ತು ನಿಮಿಷದ ಕೆಲಸ, ಒಂದು ಪಂಪ್ ಬದಲಾಯಿಸ್ದ, ಉಪಯೋಗಿಸಿದ ಬಟ್ಟೇನ ಮಡಚಿ ಪೆಟ್ಟಿಗೆಗೆ ಹಾಕ್ಕೊಂಡ. ಕಾಫಿ ಕೊಟ್ಟೆ, ಕೂತ್ಕೊಂಡು ಕುಡಿದ, ನಮ್ಮನೆ ಕುರ್ಚೀಲಿ, ನನ್ನ ಎದುರಿಗೆ. ಮುಂದಿನ ತಿಂಗಳು ಹೆಂಡತಿ ಜೊತೆ ಮೂರು ವಾರ ರಜೆ, ಕೇರಳಕ್ಕೆ ಹೋಗ್ತಿದ್ದೀವಿ, ಆಯುರ್ವೇದದ ಎಣ್ಣೆ ಮಸಾಜು, ಅಲ್ಲಿ ಸೆಖೆ ಎಷ್ಟಿರತ್ತೆ ಅಂತ ನನ್ನನ್ನೇ ಕೇಳ್ದ! ಬೆಂಗಳೂರಲ್ಲಿ ನಮ್ಮನೆ ಪ್ಲಂಬರ್ ಯಾವತ್ತಾದ್ರೂ ಕೂತು ಕಾಫಿ ಕುಡಿದಿದ್ದಾರಾ ಅಂತ ನೆನಪಿಸ್ಕೊಂಡೆ. ನಿಂತ್ಕೊಂಡು, ಬಾಗಿಲ ಹತ್ರ, ಬೇರೆ ಲೋಟದಲ್ಲಿ. ಇಲ್ಲಿ ಕಾನೂನಲ್ಲೇ ವಾರಕ್ಕೆ ಐದು ದಿನ ದುಡಿಯೋರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ, ಹುಷಾರು ತಪ್ಪಿದ್ರೆ ಆರು ವಾರದ ತನಕ ಪೂರ್ತಿ ಸಂಬಳ, ಅದು ಮ್ಯಾನೇಜರ್‌ಗೂ ಹೀಟರ್ ರಿಪೇರಿಯವನಿಗೂ ಒಂದೇ. ಅವನ ಜೇಬಲ್ಲಿರೋ ಆರೋಗ್ಯ ವಿಮೆ ಕಾರ್ಡೂ ನನ್ನ ಕಾರ್ಡ್ ಥರದ್ದೇ. (ಬಿಲ್ ನೋಡಿ ಅಳು ಬಂತು, ಅದು ಬೇರೆ ವಿಷ್ಯ. ವ್ಯಾನ್ ಓಡಿಸ್ಕೊಂಡು ಬಂದಿದ್ದಕ್ಕೇ ಒಂದು ಸಾಲು ದುಡ್ಡು.)

ಜರ್ಮನಿ ಸ್ವರ್ಗ ಅಂತ ಬರೀತಿದ್ದಾಳೆ ಅನ್ಕೊಂಡ್ರೆ ಸ್ವಲ್ಪ ತಡೀರಿ. ಸಾಯಂಕಾಲ ಏಳರ ಮೇಲೆ ಆಫೀಸಲ್ಲಿದ್ರೆ ಕಸ ತೆಗೆಯೋಕೆ ಬರೋರಲ್ಲಿ ಜರ್ಮನ್ನರು ಕಾಣೋದು ಅಪರೂಪ. ಮಳೇಲಿ ಸೈಕಲ್ ತುಳ್ಕೊಂಡು ಪಿಜ್ಜಾ ತರೋ ಹುಡುಗ್ರು ಯಾರು ಗೊತ್ತಾ? ನಮ್ಮೋರೇ. ಹಾಸನದ ಹುಡುಗ ಒಬ್ಬ ಸಿಕ್ಕಿದ್ದ, ಮಾಸ್ಟರ್ಸ್ ಓದ್ತಿದ್ದಾನೆ, ವರ್ಷಕ್ಕೆ 140 ದಿನ ಮಾತ್ರ ಪೂರ್ತಿ ದಿನದ ಕೆಲಸ ಮಾಡೋಕೆ ಪರ್ಮಿಷನ್, ಊರಲ್ಲಿ ಮನೆ ಅಡ ಇಟ್ಟು ಸಾಲ. ನಾನು ಮನೆಯೊಳಗಿಂದ "ಕನ್ನಡದವ್ರಾ?" ಅಂದಿದ್ದಕ್ಕೆ ಮುಖ ಅಗಲ ಆಯ್ತು, ಮರುಕ್ಷಣ ಹೆಲ್ಮೆಟ್ ಸರಿ ಮಾಡ್ಕೊಂಡು "ಅಕ್ಕಾ, ಮನೇಲಿ ನಾನು ಲೈಬ್ರರೀಲಿ ಕೆಲಸ ಅಂತ ಹೇಳಿದ್ದೀನಿ" ಅಂದ. ಒಳಗೆ ಬಾ ಅಂದೆ, ಇನ್ನೊಂದು ಆರ್ಡರ್ ಇದೆ ಅಂತ ಹೋದ. ಹಾಗಾಗಿ ಅಗ್ಗದ ಗಂಟೆ ಇಲ್ಲೂ ಇದೆ, ಅದಕ್ಕೆ ಒಂದು ತಳ ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ. ಆ ತಳ ಸಣ್ಣ ವಿಷ್ಯ ಅಲ್ಲ.

ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. ಇಲ್ಲಿ ಸರ್ಕಾರ ಒಂದೊಂದು ಮಗುಗೂ ತಿಂಗಳಿಗೆ ಇನ್ನೂರೈವತ್ತು ಯೂರೋ ಮೇಲೆ ಕೊಡತ್ತೆ, ನಮಗೂ ಬರತ್ತೆ, ನಂಗೇನು ಅದು ಬರ್ದಿದ್ರೆ ಊಟ ನಿಲ್ಲಲ್ಲ. ಬೆಂಗಳೂರ ಮನೆಗೆ ಕೆಲಸಕ್ಕೆ ಬರೋ ಅಕ್ಕನಿಗೆ 2023ರಿಂದ ಗೃಹಲಕ್ಷ್ಮಿ 2,000 ಬರ್ತಿದೆ, ಶಕ್ತಿ ಯೋಜನೇಲಿ ಬಸ್ ಫ್ರೀ. "ಬಿಟ್ಟಿ ಭಾಗ್ಯ" ಅಂತ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬೈತಿರ್ತಾರೆ, ನಾನು ಜರ್ಮನಿಯ ಮಕ್ಕಳ ದುಡ್ಡಿನ ಬಗ್ಗೆ ಹೇಳಿದ್ರೆ ಅದೇ ಜನ "ವಾವ್, ನೋಡು ಡೆವಲಪ್ಡ್ ಕಂಟ್ರಿ" ಅಂತಾರೆ.

ಇನ್ನು ಕೆಲವು ವಿಷ್ಯದಲ್ಲಿ ಬೆಂಗಳೂರೇ ಮುಂದೆ, ಮುಚ್ಚುಮರೆ ಇಲ್ದೆ ಹೇಳ್ತೀನಿ. ಎಳನೀರು ಗಾಡೀಲೂ ಯುಪಿಐ, ಇಲ್ಲಿ ಎಷ್ಟೋ ಬೇಕರೀಲಿ ಇವತ್ತಿಗೂ "ಕ್ಯಾಶ್ ಮಾತ್ರ". ಸರ್ಕಾರಿ ಪತ್ರ ಅಂಚೇಲೇ ಬರತ್ತೆ, ಉತ್ತರಾನೂ ಅಂಚೇಲೇ ಕೇಳ್ತಾರೆ. ಜರ್ಮನ್ ರೈಲು ಅಂದ್ರೆ ಗಡಿಯಾರ ಅನ್ನೋದೆಲ್ಲ ಹಳೇ ಕಥೆ, 2024ರಲ್ಲಿ ದೂರದ ಟ್ರೈನ್‌ಗಳಲ್ಲಿ ಟೈಮ್‌ಗೆ ಬಂದಿದ್ದು 62.5 ಪರ್ಸೆಂಟ್, ಅದೂ ಆರು ನಿಮಿಷದ ಒಳಗೆ ಲೇಟಾದ್ರೆ ಲೇಟೇ ಅಲ್ಲ ಅಂತ ಲೆಕ್ಕ ಹಾಕಿ! ಸ್ಟುಟ್‌ಗಾರ್ಟಿನ ಹೊಸ ರೈಲ್ವೆ ಸ್ಟೇಷನ್ ಕೆಲಸ 2010ರಲ್ಲಿ ಶುರುವಾಗಿದ್ದು, 2019ಕ್ಕೆ ಮುಗಿಬೇಕಿತ್ತು, ಬೇಲಿ ಸುತ್ತಾಕ್ಕೊಂಡು ಓಡಾಡಿ ಓಡಾಡಿ ನನ್ನ ಮಗಳಿಗೆ ಸ್ಟೇಷನ್ ಅಂದ್ರೆ ಕ್ರೇನ್ ಅನ್ಕೊಂಡಿದ್ದಾಳೆ. ನಮ್ಮ ಮೆಟ್ರೋನ ಬೈಯೋ ಮುಂಚೆ ಇದನ್ನೊಂದ್ಸಲ ನೋಡಿ.

ಭಾಷೆ ಬೇರೆ ಇದೆಯಲ್ಲ. ಸಂಜೆ ಕ್ಲಾಸು, ಒಂದೊಂದು ನಾಮಪದಕ್ಕೂ ಮೂರರಲ್ಲಿ ಒಂದು ಲಿಂಗ, ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ, ಯಾಕೆ ಅಂತ ಕೇಳ್ಬಾರ್ದು. ಬೇಜಾರಾದಾಗ ಅರ್ಧ ಮುಕ್ಕಾಲು ಗಂಟೆ ದೂರದ ಟ್ಯೂಬಿಂಗನ್‌ಗೆ ಹೋಗಿ ನದಿ ದಂಡೇಲಿ ಕೂರ್ತೀನಿ. ಕಿಟೆಲ್ ತೀರಿಕೊಂಡಿದ್ದು ಆ ಊರಲ್ಲೇ, 1903ರಲ್ಲಿ. 1853ರಲ್ಲಿ ಬಂದು, ಧಾರವಾಡ ಮಂಗಳೂರು ಮಡಿಕೇರಿ ಅಂತ ಸುತ್ತಿ, 1894ಕ್ಕೆ ಆ ನಿಘಂಟು ಹೊರಗೆ ತಂದ್ರಲ್ಲ, ನಲವತ್ತು ವರ್ಷ. ನಾನು ಆರು ವರ್ಷಕ್ಕೆ ಫೋನಲ್ಲಿ ಜರ್ಮನ್ ಮಾತಾಡೋಕೆ ಇನ್ನೂ ಹೆದರ್ತೀನಿ.

ಮತ್ತೆ ಕತ್ತಲು. ಡಿಸೆಂಬರಲ್ಲಿ ಬೆಳಿಗ್ಗೆ ಎಂಟರ ಮೇಲೆ ಬೆಳಕು, ಸಾಯಂಕಾಲ ನಾಲ್ಕೂವರೆಗೆ ಮುಗೀತು. ನಮ್ಮ ಎದುರು ಮನೆ ಅಜ್ಜಿ, ಎಂಬತ್ತರ ಮೇಲೆ ವಯಸ್ಸು, ಒಂಟಿ. ಪೆನ್ಷನ್ ಬರತ್ತೆ, ವಾರಕ್ಕೆ ಮೂರು ಸಲ ನರ್ಸ್ ಬಂದು ಕಾಲಿಗೆ ಪಟ್ಟಿ ಸುತ್ತಿ ಹೋಗ್ತಾರೆ, ಯಾವ್ದಕ್ಕೂ ಕೊರತೆ ಇಲ್ಲ. ಕ್ರಿಸ್ಮಸ್ ದಿನ ಬಾಗಿಲು ತಟ್ಟಿ ಕೋಡುಬಳೆ ಕೊಟ್ಟೆ, ಆ ತಿಂಗಳಲ್ಲಿ ನರ್ಸ್ ಬಿಟ್ರೆ ಬಾಗಿಲು ತಟ್ಟಿದ್ದು ನಾನೊಬ್ಬಳೇ ಅಂದ್ರು. ನಮ್ಮಮ್ಮನಿಗೆ ಪೆನ್ಷನ್ನೂ ಇಲ್ಲ, ನರ್ಸೂ ಇಲ್ಲ, ಆದ್ರೆ ದಿನಕ್ಕೆ ಐದಾರು ಸಲ ಬಾಗಿಲು ತೆಗಿಬೇಕು, ಹೂವಿನವಳು, ಪಕ್ಕದ ಮನೆ ಮಗು, ಕರಿಬೇವು ಕೇಳೋಕೆ ಬರೋರು. ಹಾಗಂತ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆ ಹಿಡ್ಕೊಂಡಾಗ ಬಾಗಿಲು ತೆಗೆದು ಓಡಿದ್ದು ಯಾರು? ಎರಡನೇ ಬೀದೀಲಿರೋ, ಕೆಲಸಕ್ಕೆ ಬರೋ ಅಕ್ಕನ ಮಗ, ಆಟೋ ಓಡಿಸ್ತಾನೆ. ನಾನು ಏಳು ಸಾವಿರ ಕಿಲೋಮೀಟರ್ ಆಚೆ ಫೋನ್ ಹಿಡ್ಕೊಂಡು ಅಡ್ಮಿಷನ್ ದುಡ್ಡು ಟ್ರಾನ್ಸ್‌ಫರ್ ಮಾಡ್ತಾ ಕೂತಿದ್ದೆ. ಆ ವರ್ಷ ಅಕ್ಕನ ಸಂಬಳ 500 ಜಾಸ್ತಿ ಮಾಡಿದ್ವಿ. ಬರೆಯೋಕೆ ನಾಚಿಕೆ ಆಗತ್ತೆ, 500. ಈಗ ಮಾತಾಡಿ ಅದನ್ನ 8,000 ಮಾಡಿಸಿದ್ದೀನಿ, ಭಾನುವಾರದ ಜೊತೆ ತಿಂಗಳಿಗೆ ಇನ್ನೆರಡು ದಿನ ರಜೆ, ಹೆಚ್ಚಾಗಿದ್ದು ನಾನು ಕಳಿಸ್ತೀನಿ. ಅಮ್ಮನಿಗೆ ಸಿಟ್ಟು, "ಇಡೀ ಬೀದಿ ರೇಟ್ ಹಾಳು ಮಾಡ್ದೆ" ಅಂತ. ಪಕ್ಕದ ಮನೆಯವ್ರು ನಮ್ಮನೆ ಜೊತೆ ಮಾತು ಬಿಟ್ಟಿದ್ದಾರಂತೆ.

ನಿನ್ನೆ ಶನಿವಾರ ಬೋರ್ಡ್ ನಮ್ಮ ಬಾಗಿಲಲ್ಲಿತ್ತು. ಕತ್ತಲಾಗೋ ಮುಂಚೆ ಮುಗಿಸೋಣ ಅಂತ ಪೊರಕೆ ಹಿಡ್ಕೊಂಡು ಮೆಟ್ಟಿಲಲ್ಲಿದ್ದೆ, ಅಷ್ಟೊತ್ತಿಗೆ ಅಮ್ಮನ ವಿಡಿಯೋ ಕಾಲ್. ಅಕ್ಕ ಹಬ್ಬದ ಪಾತ್ರೆ ಅಂತ ಇನ್ನೂ ಮನೇಲೇ ಇದ್ರು, ಫೋನೊಳಗೆ ಇಣುಕಿದ್ರು.

"ಏನವ್ವಾ, ನೀನೇ ಗುಡಿಸ್ತಿದ್ದೀಯಾ? ಅಲ್ಯಾರೂ ಸಿಗಲ್ವಾ?"

"ಸಿಗ್ತಾರಕ್ಕಾ, ಗಂಟೆಗೆ ಸಾವಿರದ ನಾನೂರು ಕೇಳ್ತಾರೆ."

ಅವ್ರು ಸುಮ್ನಾದ್ರು, ಒದ್ದೆ ಕೈ ಸೀರೆಗೆ ಒರೆಸ್ಕೊಂಡ್ರು, ಬೆರಳು ಮಡಚಿ ಏನೋ ಲೆಕ್ಕ ಹಾಕಿದ್ರು.

"ಮತ್ತೆ ನಿಂಗೆ ಯಾರು ಕೊಡ್ತಾರೆ?"

"ನಂದು ಬಿಟ್ಟಿ."

ಅಮ್ಮನೂ ಅಕ್ಕನೂ ಒಟ್ಟಿಗೆ ನಕ್ರು. ಆಮೇಲೆ ಅಕ್ಕ ಕಣ್ಣು ಕಿರಿದು ಮಾಡ್ಕೊಂಡು ಸ್ಕ್ರೀನ್ ಹತ್ರ ಬಂದು ನೋಡಿ, "ಅಯ್ಯೋ ಬರೀ ನಡುವಿಗೆ ಎಳೀತಿದ್ದೀಯಲ್ಲವ್ವಾ, ಮೂಲೆ ಗುಡ್ಸು ಮೊದ್ಲು, ಕಸ ಇರೋದೇ ಅಲ್ಲಿ, ಪೊರಕೆ ಹಂಗಲ್ಲ ಹಿಡಿಯೋದು, ಅಡ್ಡ ಹಿಡಿ" ಅಂದ್ರು. ನಾನು ಫೋನನ್ನ ಕಿಟಕಿ ಕಟ್ಟೆ ಮೇಲೆ ಆನಿಸಿಟ್ಟು ಮೇಲಿನ ಮೆಟ್ಟಿಲಿಂದ ಮತ್ತೆ ಶುರು ಮಾಡ್ದೆ.